ಬಂಡ್ರಿ ರಸ್ತೆಯಲ್ಲಿ ನಿಲ್ಲುವ ಕಾರು

ಸಂಡೂರು
9-7-2006

ಅಪ್ಪನಿಗೆ,

ನೀವು ಕಂಪ್ಲಿಯ ಅಕ್ಕಿ ಗಿರಣಿಯೊಂದರಲ್ಲಿ ಎಂಜಿನ್ ನೋಡಿಕೊಂಡು ಇದ್ದೀರಿ ಎಂದು ಆ ಕಡೆಯ ಬಸ್ಸಿನ ಕಂಡಕ್ಟರೊಬ್ಬರು ಹೇಳಿದರು. ವಿಳಾಸ ಸರಿಯಿದ್ದರೆ ಈ ಕಾಗದ ಮುಟ್ಟುತ್ತದೆ. ಮೂರು ವರ್ಷದ ಮೇಲೆ ಬರೆಯುತ್ತಿರುವುದು ಕಾರಿನ ವಿಷಯಕ್ಕೆ. ಬೇರೆ ಯಾವುದಕ್ಕೂ ಅಲ್ಲ.

ನೀವು ಬಿಟ್ಟುಹೋದ ಪದ್ಮಿನಿ ಕಾರನ್ನು ಮಾರಲು ಅಮ್ಮ ಒಪ್ಪಲಿಲ್ಲ. ಎರಡು ವರ್ಷ ಅದು ಬೇವಿನ ಮರದ ಕೆಳಗೆ ನಿಂತಿತ್ತು. ಹೋದ ವರ್ಷ ನನಗೆ ಬಂಡ್ರಿಯ ಆರೋಗ್ಯ ಉಪಕೇಂದ್ರದಲ್ಲಿ ನರ್ಸ್ ಕೆಲಸ ಸಿಕ್ಕಿತು. ಅದಿರು ಲಾರಿಗಳ ಸಾಲಿನಲ್ಲಿ ಬಸ್ಸು ಯಾವಾಗ ಹೊರಡುತ್ತದೆ, ಯಾವಾಗ ಮುಟ್ಟುತ್ತದೆ ಎಂದು ಯಾರೂ ಹೇಳಲಾರರು. ಹಾಗಾಗಿ ಡ್ರೈವಿಂಗ್ ಕಲಿತೆ, ಕಾರನ್ನು ಎಬ್ಬಿಸಿದೆ.

ಎರಡು ತಿಂಗಳಿಂದ ಅದು ನಡುದಾರಿಯಲ್ಲಿ ನಿಲ್ಲುತ್ತಿದೆ. ಎಂಜಿನ್ ಎರಡು ಸಲ ಎಳೆದಂತಾಗುತ್ತದೆ, ಆಮೇಲೆ ಆರಿಹೋಗುತ್ತದೆ. ಎಷ್ಟು ಚಾವಿ ತಿರುಗಿಸಿದರೂ ಹತ್ತುವುದಿಲ್ಲ. ಇಪ್ಪತ್ತು ನಿಮಿಷ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಶುರುವಾಗುತ್ತದೆ. ಕೆಲವು ಸಲ ವಾರಗಟ್ಟಲೆ ಚೆನ್ನಾಗಿರುತ್ತದೆ. ಗ್ಯಾರೇಜಿನ ಬಸವಕುಮಾರ್ ಮೂರು ಸಲ ನೋಡಿದ. ಅವನ ಕೈಯಲ್ಲಿ ಒಂದು ಸಲವೂ ನಿಲ್ಲಲಿಲ್ಲ. "ಕಾರಿಗೇನೂ ಆಗಿಲ್ರಿ ಮೇಡಮ್ಮೋರೆ, ನಿಮಗ ಕ್ಲಚ್ ಬಿಡೋದು ಇನ್ನೂ ರೂಢಿ ಆಗಿಲ್ಲ" ಎಂದ. ಕೂತಿದ್ದವರೆಲ್ಲ ನಕ್ಕರು.

ಹಿಂದೆ ಲಾರಿಗಳು ಹಾರ್ನ್ ಹೊಡೆಯುತ್ತಿರುತ್ತವೆ. ಧೂಳಿನಲ್ಲಿ ಮುಂದೇನಿದೆ ಎಂದು ಅವರಿಗೂ ಕಾಣುವುದಿಲ್ಲ. ನನಗೆ ಸಾಕಾಗಿದೆ.

ನೀವು ಬರಬೇಕಾಗಿಲ್ಲ. ಏನಾಗಿರಬಹುದು ಎಂದು ಬರೆದರೆ ಸಾಕು.

ಗಂಗಾಂಬಿಕಾ


ಕಂಪ್ಲಿ
15-7-2006

ಗಂಗಾ,

ನಿನ್ನ ಕಾಗದ ಬಂದು ಮೂರು ದಿನವಾಯಿತು. ನಾಲ್ಕು ಸಲ ಓದಿದೆ.

ಕಾರು ನಿಲ್ಲುತ್ತದೆ ಎಂದು ನೀನು ಬರೆದಿದ್ದೀಯ. ಹಾಗಾದರೆ ನಿಲ್ಲುತ್ತದೆ. ಬಸವಕುಮಾರನ ಕೈಯಲ್ಲಿ ನಿಲ್ಲಲಿಲ್ಲ ಎಂದ ಮಾತ್ರಕ್ಕೆ ನಿನ್ನ ಕೈಯಲ್ಲಿ ನಿಂತದ್ದು ಸುಳ್ಳಾಗುವುದಿಲ್ಲ. ನಿನ್ನ ಕ್ಲಚ್ಚಿನ ತಪ್ಪಾಗಿದ್ದರೆ ಮತ್ತೆ ಚಾವಿ ತಿರುಗಿಸಿದ ಕೂಡಲೇ ಕಾರು ಹೊರಟುಬಿಡುತ್ತಿತ್ತು, ಇಪ್ಪತ್ತು ನಿಮಿಷ ಕಾಯುತ್ತಿರಲಿಲ್ಲ.

ಎಂಜಿನ್ ಓಡಲು ಬೇಕಾದದ್ದು ಎರಡು: ಕಿಡಿ, ಪೆಟ್ರೋಲು. ನಿಂತಾಗ ಎರಡರಲ್ಲಿ ಒಂದು ತಪ್ಪಿರುತ್ತದೆ. ಯಾವುದು ಎಂದು ಮೊದಲು ತಿಳಿಯಬೇಕು. ಕಾಯಿಲ್ ಹಳೆಯದಾದರೆ ಬಿಸಿಯಾದಾಗ ಕೈಕೊಡುತ್ತದೆ, ತಣ್ಣಗಾದರೆ ಮತ್ತೆ ಕಿಡಿ ಕೊಡುತ್ತದೆ. ನನ್ನ ಅನುಮಾನ ಅದರ ಮೇಲೆ. ಮುಂದಿನ ಸಲ ನಿಂತಾಗ ಒಂದು ಪ್ಲಗ್ಗಿನ ವೈರು ಕಿತ್ತು, ರಬ್ಬರ್ ಹಿಡಿಯ ಇಕ್ಕಳದಿಂದ ಅದರ ತುದಿಯನ್ನು ಎಂಜಿನ್ನಿನ ಕಬ್ಬಿಣದ ಹತ್ತಿರ ಹಿಡಿ. ಯಾರಾದರೂ ಚಾವಿ ತಿರುಗಿಸಲಿ. ನೀಲಿ ಕಿಡಿ ಹಾರಿದರೆ ಕಾಯಿಲ್ ಸರಿಯಿದೆ.

ಆದರೆ ಬಾನೆಟ್ ತೆಗೆಯುವ ಮೊದಲು ಮಾಡಬೇಕಾದದ್ದು ಬೇರೆ. ಕಾರನ್ನು ಪೂರ್ತಿ ರಸ್ತೆಯಿಂದ ಕೆಳಗಿಳಿಸು. ಹಿಂದಕ್ಕೆ ಐವತ್ತು ಹೆಜ್ಜೆ ನಡೆದು ಹೋಗಿ ಕಲ್ಲಿಗೆ ಕೆಂಪು ಬಟ್ಟೆ ಸುತ್ತಿ ಇಡು. ಕಾರಿನೊಳಗೆ ಯಾರನ್ನೂ ಕೂರಿಸಬೇಡ. ಇದನ್ನು ದಯವಿಟ್ಟು ಮರೆಯಬೇಡ.

ರಸ್ತೆಯ ಗಾಡಿಗಳನ್ನು ನಾನು ಈಗ ಮುಟ್ಟುವುದಿಲ್ಲ. ಗಿರಣಿಯ ಎಂಜಿನ್ ಇದ್ದಲ್ಲೇ ಇರುತ್ತದೆ, ಅದನ್ನು ನೋಡಿಕೊಳ್ಳುತ್ತೇನೆ. ಕಾಗದದಲ್ಲಿ ಹೇಳಬಹುದಾದದ್ದನ್ನೆಲ್ಲ ಹೇಳುತ್ತೇನೆ.

ಕೊಟ್ರಯ್ಯ


ಸಂಡೂರು
6-8-2006

ಅಪ್ಪನಿಗೆ,

ಎರಡು ಸಲ ನಿಂತಿತು. ಮೊದಲ ಸಲ ಮಳೆ, ನೋಡಲಾಗಲಿಲ್ಲ. ಎರಡನೆಯ ಸಲ ಒಬ್ಬ ಕುರಿಗಾರನನ್ನು ಬೇಡಿಕೊಂಡು ಚಾವಿ ತಿರುಗಿಸಲು ಹೇಳಿದೆ. ಅವನು ಕಾರಿನಲ್ಲಿ ಕೂತದ್ದೇ ಅದು ಮೊದಲಂತೆ. ನೀಲಿ ಕಿಡಿ ಚೆನ್ನಾಗಿ ಹಾರಿತು. ನಿಮ್ಮ ಕಾಯಿಲ್ ಸರಿಯಿದೆ.

ಕೆಂಪು ಬಟ್ಟೆಯ ಮಾತು ಓದಿ ನಗು ಬಂತು. ಇಲ್ಲಿ ಕಲ್ಲು, ಮರ, ನನ್ನ ಬಿಳಿ ಸೀರೆ ಎಲ್ಲವೂ ಕೆಂಪೇ ಆಗಿವೆ. ಆದರೂ ಇಟ್ಟೆ.

ಮುಂದೇನು ನೋಡಬೇಕು ಬರೆಯಿರಿ. ಬೆಳಿಗ್ಗೆ ಎಂಟಕ್ಕೆ ಹೊರಟರೆ ಹತ್ತಕ್ಕೆ ಮುಟ್ಟುತ್ತೇನೆ, ಬಾಗಿಲಲ್ಲಿ ಬಸುರಿಯರು ಕೂತಿರುತ್ತಾರೆ. ಅವರು ಏನೂ ಅನ್ನುವುದಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಗಂಗಾಂಬಿಕಾ


ಕಂಪ್ಲಿ
12-8-2006

ಗಂಗಾ,

ಕಿಡಿ ಇದೆ ಎಂದರೆ ಪೆಟ್ರೋಲು ಬರುತ್ತಿಲ್ಲ. ನಾನು ತಪ್ಪು ಊಹಿಸಿದ್ದೆ.

ಪಂಪಿಗೂ ಕಾರ್ಬ್ಯುರೇಟರಿಗೂ ನಡುವೆ ಒಂದು ಪಾರದರ್ಶಕ ಫಿಲ್ಟರ್ ಹಾಕಿಸು. ನಿಂತಾಗ ಅದನ್ನು ನೋಡು. ಒಳಗೆ ಪೆಟ್ರೋಲು ಕಂಡರೆ ತೊಂದರೆ ಕಾರ್ಬ್ಯುರೇಟರಿನಲ್ಲಿ. ಬರಿದಾಗಿದ್ದರೆ ಅದಕ್ಕಿಂತ ಹಿಂದೆ, ಪಂಪಿನಲ್ಲೋ ಪೈಪಿನಲ್ಲೋ ಟ್ಯಾಂಕಿನಲ್ಲೋ.

ಒಂದು ಪುಸ್ತಕ ಇಟ್ಟುಕೊ. ನಿಂತ ದಿನ, ಎಷ್ಟು ದೂರ ಹೋದ ಮೇಲೆ ನಿಂತಿತು, ಟ್ಯಾಂಕಿನಲ್ಲಿ ಎಷ್ಟಿತ್ತು, ಅವತ್ತು ಬೇರೆ ಏನು ಮಾಡಿದ್ದೆ, ಎಲ್ಲ ಬರೆ. ನಿನಗೆ ಬೇಡವೆನಿಸಿದ್ದನ್ನೂ ಬರೆ.

ನಿನ್ನ ಅಮ್ಮನ ಮಂಡಿನೋವಿಗೆ ಇಲ್ಲಿ ಒಬ್ಬರು ಎಣ್ಣೆ ಕೊಡುತ್ತಾರೆ. ಕಳಿಸಬಹುದೇ ಎಂದು ತಿಳಿಸು.

ಕೊಟ್ರಯ್ಯ


ಸಂಡೂರು
24-9-2006

ಅಪ್ಪನಿಗೆ,

ಫಿಲ್ಟರ್ ಬರಿದಾಗಿತ್ತು. ಬಸವಕುಮಾರನಿಗೆ ತೋರಿಸಿದೆ. ಈ ಸಲ ಅವನು ನಗಲಿಲ್ಲ, ಪಂಪು ಬದಲಾಯಿಸಿದ. ಹತ್ತು ದಿನ ಚೆನ್ನಾಗಿತ್ತು. ಹನ್ನೊಂದನೆಯ ದಿನ ಮತ್ತೆ ನಿಂತಿತು. ಪೈಪು ಊದಿ ನೋಡಿದ, ಕಸ ಇಲ್ಲ. ಟ್ಯಾಂಕ್ ಇಳಿಸಿ ತೊಳೆದ. ಅದಾದ ಮೂರನೆಯ ದಿನ ನಿಂತಿತು.

ಪುಸ್ತಕದಲ್ಲಿ ಬರೆದದ್ದು ಇಷ್ಟು. ಟ್ಯಾಂಕ್ ತುಂಬಿಸಿದ ದಿನವೇ ಬೇಗ ನಿಲ್ಲುತ್ತದೆ. ಕಡಿಮೆಯಿದ್ದರೆ ಬಂಡ್ರಿ ಮುಟ್ಟುತ್ತದೆ. ಒಂದು ದಿನ ಅರ್ಧದಾರಿಯಲ್ಲಿ ಡಬ್ಬಿಯಿಂದ ಪೆಟ್ರೋಲ್ ಹಾಕಿದ್ದೆ, ಅವತ್ತು ನಿಲ್ಲಲೇ ಇಲ್ಲ. ಬಸವಕುಮಾರ್ ಓಡಿಸಿದರೆ ಈಗಲೂ ನಿಲ್ಲುವುದಿಲ್ಲ. ಬಂದವನೇ ಟ್ಯಾಂಕಿನಲ್ಲಿ ಎಷ್ಟಿದೆ ಎಂದು ಇಣುಕಿ ನೋಡುತ್ತಾನೆ, ಕೂರುತ್ತಾನೆ, ಒಂದು ಸುತ್ತು ಹೋಗಿ ಬರುತ್ತಾನೆ. ಅಷ್ಟೇ.

ಎಣ್ಣೆ ಬೇಡ ಎಂದು ಅಮ್ಮ ಹೇಳಲಿಲ್ಲ, ಬೇಕು ಎಂದೂ ಹೇಳಲಿಲ್ಲ. ನಾನು ಕೆಲಸಕ್ಕೆ ಹೋದಾಗ ನಿಮ್ಮ ಕಾಗದಗಳನ್ನು ತೆಗೆದು ಓದುತ್ತಾಳೆ. ಮಡಿಸಿದ ರೀತಿ ಬೇರೆಯಾಗಿರುತ್ತದೆ.

ಒಂದು ಮಾತು ಕೇಳಬೇಕು. ನಾನು ಹೇಳಿದ್ದನ್ನೆಲ್ಲ ನೀವು ಇಷ್ಟು ಸುಲಭವಾಗಿ ನಂಬುತ್ತೀರಿ. ಮೊದಲು ಹೀಗಿರಲಿಲ್ಲ. ಗ್ಯಾಸ್ ಒಲೆ ಸೋರುತ್ತಿದೆ ಎಂದು ಅಮ್ಮ ಹೇಳಿದರೆ ಮೂಗಿಟ್ಟು ನೋಡಿ "ಏನೂ ಇಲ್ಲ, ನಿನ್ನ ಭ್ರಮೆ" ಎನ್ನುತ್ತಿದ್ದಿರಿ. ಹೋಗುವಾಗಲೂ ಯಾಕೆ ಎಂದು ಹೇಳಲಿಲ್ಲ. ಈಗ ದೂರದಿಂದ ನಂಬುವುದು ಸುಲಭವೇ ಇರಬೇಕು.

ಗಂಗಾಂಬಿಕಾ


ಕಂಪ್ಲಿ
3-10-2006

ಗಂಗಾ,

ನೀನು ಕೇಳಿದ್ದಕ್ಕೆ ಉತ್ತರ ಬರೆಯಲು ಕೂತೆ. ಮೂರು ಹಾಳೆ ಹರಿದೆ.

ಕಾರಿನದು ಇನ್ನೂ ತಿಳಿದಿಲ್ಲ. ಯೋಚಿಸುತ್ತಿದ್ದೇನೆ. ತಿಳಿಯುವವರೆಗೆ ಬಸ್ಸಿನಲ್ಲಿ ಹೋಗು. ತಡವಾದರೆ ಆಗಲಿ.

ಎಣ್ಣೆಯ ಬಾಟಲಿ ಕಂಡಕ್ಟರ್ ಕೈಯಲ್ಲಿ ಕೊಟ್ಟಿದ್ದೇನೆ.

ಕೊಟ್ರಯ್ಯ


ಸಂಡೂರು
18-11-2006

ಅಪ್ಪ,

ಬಸ್ಸಿನಲ್ಲಿ ಹೋಗು ಎಂದಿರಿ. ಹದಿನೈದು ದಿನ ಹೋದೆ. ಎರಡು ದಿನ ಮುಟ್ಟಲೇ ಇಲ್ಲ, ಅರ್ಧದಾರಿಯಿಂದ ವಾಪಸು ಬಂದೆ. ಮತ್ತೆ ಕಾರು ತೆಗೆದೆ. ಮೊನ್ನೆ ಗುರುವಾರ ಏನಾಯಿತೆಂದು ಬರೆಯುತ್ತೇನೆ. ಯಾರಿಗಾದರೂ ಹೇಳಬೇಕು, ಅಮ್ಮನಿಗೆ ಹೇಳಿದರೆ ನಾಳೆಯಿಂದ ಹೊಸ್ತಿಲು ದಾಟಲು ಬಿಡುವುದಿಲ್ಲ.

ಯಮನಮ್ಮ ಎಂಬ ಹುಡುಗಿ, ಚೊಚ್ಚಲು ಬಸುರಿ. ಗಂಡ ಅದಿರು ಜರಡಿ ಹಿಡಿಯುತ್ತಾನೆ. ಬೆಳಿಗ್ಗೆಯಿಂದ ನೋವು, ಮಧ್ಯಾಹ್ನವಾದರೂ ಮಗು ಇಳಿಯಲಿಲ್ಲ. ಸಂಡೂರಿನ ಆಸ್ಪತ್ರೆಗೆ ಕರೆದೊಯ್ಯಲೇಬೇಕಿತ್ತು. ಆಂಬುಲೆನ್ಸ್ ಬೇರೆ ಕಡೆ ಹೋಗಿತ್ತು. ಅವಳನ್ನೂ ಅವಳ ಅತ್ತೆಯನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟೆ. ಅವತ್ತು ಬೆಳಿಗ್ಗೆ ಬಂಡ್ರಿಯಲ್ಲೇ ಟ್ಯಾಂಕ್ ತುಂಬಿಸಿದ್ದೆ.

ಏರಿನ ಅರ್ಧದಲ್ಲಿ ನಿಂತಿತು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕೆಟ್ಟು ನಿಂತ ಎರಡು ಲಾರಿ. ಕಾರನ್ನು ಕೆಳಗಿಳಿಸಲು ಜಾಗವೇ ಇರಲಿಲ್ಲ. ಅತ್ತೆಯ ಕೈಯಲ್ಲಿ ಕೆಂಪು ಬಟ್ಟೆ ಕೊಟ್ಟು ಹಿಂದಕ್ಕೆ ಓಡಿಸಿದೆ. ಯಮನಮ್ಮನನ್ನು ಇಳಿಸಬೇಕು ಎಂದು ನೀವು ಬರೆದದ್ದು ನೆನಪಿತ್ತು. ಅವಳು ಇಳಿಯುವ ಸ್ಥಿತಿಯಲ್ಲಿರಲಿಲ್ಲ. ತಲೆ ಕಾಣುತ್ತಿತ್ತು.

ಆಗ ಹಿಂದಿನಿಂದ ಲಾರಿ ಬಂತು. ಧೂಳಿನಲ್ಲಿ ಅದರ ದೀಪ ಮೊದಲು ಕಂಡಿತು, ಆಮೇಲೆ ಬ್ರೇಕಿನ ಸದ್ದು. ನಾನು ಯಮನಮ್ಮನ ಮೊಣಕಾಲು ಹಿಡಿದುಕೊಂಡು ಹಿಂದಿನ ಗಾಜನ್ನು ನೋಡುತ್ತಿದ್ದೆ. ಗಾಜಿನ ತುಂಬ ಲಾರಿಯ ಮೂತಿ. ನಿಂತಿತು. ಆಮೇಲೆ ಇಳಿದು ನೋಡಿದೆ, ನಡುವೆ ನನ್ನ ಗೇಣಿನಷ್ಟು ಜಾಗವಿತ್ತು.

ಡ್ರೈವರ್ ಕೆಳಗಿಳಿದು ರಸ್ತೆಯ ಮೇಲೇ ಕೂತುಬಿಟ್ಟ. ಸ್ವಲ್ಪ ಹೊತ್ತಿಗೆ ತಾನಾಗಿಯೇ ಎದ್ದು, ಹಿಂದೆ ಬರುವ ಲಾರಿಗಳನ್ನೆಲ್ಲ ಕೈಬೀಸಿ ನಿಲ್ಲಿಸಿದ. ಮೂರೂ ಇಪ್ಪತ್ತಕ್ಕೆ ಮಗು ಹುಟ್ಟಿತು. ಹೆಣ್ಣು. ಅತ್ತದ್ದು ತಡವಾಗಿ.

ರಕ್ತ ನಿಲ್ಲುತ್ತಿರಲಿಲ್ಲ, ಹೋಗಲೇಬೇಕು. ಚಾವಿ ತಿರುಗಿಸಿದರೆ ಹತ್ತುವುದಿಲ್ಲ. ಲಾರಿಯವನು "ಪೆಟ್ರೋಲ್ ಐತೇನಕ್ಕ, ನೋಡಿಯೇನು?" ಎಂದು ಕೇಳಿದ. ಏಪ್ರಿಲಿನಲ್ಲಿ ಯಾರೋ ಪೆಟ್ರೋಲ್ ಕದ್ದಿದ್ದರಿಂದ ಬೀಗವಿರುವ ಮುಚ್ಚಳ ಹಾಕಿಸಿದ್ದೇನೆ. ಚಾವಿ ಕೊಟ್ಟೆ. ಅವನು ತೆಗೆದಾಗ ಉಸ್ಸೆಂದು ಸದ್ದಾಯಿತು, ಮುದುಕರು ಉಸಿರೆಳೆದುಕೊಂಡ ಹಾಗೆ. ಪೆಟ್ರೋಲ್ ಕಂಠದವರೆಗೆ ಇತ್ತು. ಮುಚ್ಚಿದ. ಚಾವಿ ತಿರುಗಿಸಿದೆ, ಹೊರಟಿತು.

ಇಬ್ಬರೂ ಬದುಕಿದ್ದಾರೆ. ನಾನು ಸೀಟು ತೊಳೆದು ಮನೆಗೆ ಬಂದು, ಬೆಳಿಗ್ಗೆಯವರೆಗೆ ಅದೇ ಸೀರೆಯಲ್ಲಿ ಮಲಗಿದ್ದೆ.

ಕಾರು ಮಾರುತ್ತೇನೆ. ನೀವು ಇನ್ನು ಯೋಚಿಸಬೇಕಾಗಿಲ್ಲ.

ಗಂಗಾ


ಕಂಪ್ಲಿ
22-11-2006

ಗಂಗಾ,

ಮೊದಲು ಕಾರಿನ ಮಾತು. ಮಾರಬೇಡ. ಏನಾಗಿದೆ ಎಂದು ತಿಳಿಯಿತು.

ಟ್ಯಾಂಕಿನ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ತೂತು ಇರುತ್ತದೆ. ಪೆಟ್ರೋಲು ಖರ್ಚಾದಂತೆ ಆ ಜಾಗಕ್ಕೆ ಅದರಿಂದ ಗಾಳಿ ಹೋಗಬೇಕು. ನಿನ್ನ ಹೊಸ ಮುಚ್ಚಳದ ತೂತು ಅದಿರಿನ ಧೂಳಿನಿಂದ ಮುಚ್ಚಿದೆ. ಗಾಳಿ ಹೋಗದಿದ್ದರೆ ಟ್ಯಾಂಕು ಪೆಟ್ರೋಲನ್ನು ಒಳಕ್ಕೇ ಎಳೆದು ಹಿಡಿಯುತ್ತದೆ, ಪಂಪು ಎಷ್ಟು ಸೆಳೆದರೂ ಬರುವುದಿಲ್ಲ. ಇಪ್ಪತ್ತು ನಿಮಿಷ ಬಿಟ್ಟರೆ ಎಲ್ಲಿಂದಲೋ ನಿಧಾನವಾಗಿ ಗಾಳಿ ಸೋರಿ ಹೋಗುತ್ತದೆ, ಆಗ ಹೊರಡುತ್ತದೆ. ಟ್ಯಾಂಕ್ ತುಂಬಿದ್ದರೆ ಒಳಗಿರುವ ಗಾಳಿಯೇ ಕಡಿಮೆ, ಅದಕ್ಕೆ ಬೇಗ ನಿಲ್ಲುತ್ತದೆ. ದಾರಿಯಲ್ಲಿ ಪೆಟ್ರೋಲ್ ಹಾಕಿದ ದಿನ ಮುಚ್ಚಳ ತೆಗೆದಿದ್ದೆ, ನಿಲ್ಲಲಿಲ್ಲ. ಬಸವಕುಮಾರನೂ ಮೊದಲು ಮುಚ್ಚಳವನ್ನೇ ತೆಗೆಯುತ್ತಿದ್ದ. ನೀನು ಸೆಪ್ಟೆಂಬರಿನಲ್ಲೇ ಎಲ್ಲವನ್ನೂ ಬರೆದಿದ್ದೆ. ನನಗೆ ಹೊಳೆಯಲಿಲ್ಲ. ಮುಚ್ಚಳವನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಸೂಜಿಯಿಂದ ತೂತು ಬಿಡಿಸು. ವಾರಕ್ಕೊಮ್ಮೆ ಹೀಗೆ ಮಾಡು.

ಇನ್ನು ನೀನು ಕೇಳಿದ್ದಕ್ಕೆ ಉತ್ತರ. ಈ ಸಲ ಹಾಳೆ ಹರಿಯುವುದಿಲ್ಲ.

2003ರ ಫೆಬ್ರವರಿಯಲ್ಲಿ ಪಾಪಿನಾಯಕನಹಳ್ಳಿ ಹತ್ತಿರ ನಾನು ವರ್ಕ್‌ಶಾಪಿನ ಮೇಸ್ತ್ರಿಯಾಗಿದ್ದ ಗಣಿಯ ಟಿಪ್ಪರ್ ಹರಿದು ಮೊಪೆಡ್ಡಿನಲ್ಲಿದ್ದ ಗಂಡ ಹೆಂಡತಿ ಸತ್ತರು. ನಿನಗೆ ಗೊತ್ತಿದೆ. ಡ್ರೈವರ್ ಮಾರೆಪ್ಪ ಕುಡಿದಿದ್ದ ಎಂದು ಎಲ್ಲರೂ ಹೇಳಿದರು. ಅವನು ಕುಡಿದಿರಲಿಲ್ಲ.

ಅವತ್ತು ಬೆಳಿಗ್ಗೆ ಅವನು ಗಾಡಿಯನ್ನು ವರ್ಕ್‌ಶಾಪಿಗೆ ತಂದು "ಮೇಸ್ತ್ರಿ, ಬ್ರೇಕು ಒಮ್ಮೊಮ್ಮೆ ಒಳಕ್ಕ ಹೋಗ್ತೈತಿ, ಒಮ್ಮೊಮ್ಮೆ ಸರಿ ಇರ್ತೈತಿ" ಎಂದ. ನಾನು ಹತ್ತಿ ಕೂತು ಮೂರು ಸಲ ಒತ್ತಿ ನೋಡಿದೆ. ಮೂರು ಸಲವೂ ಗಟ್ಟಿಯಾಗಿತ್ತು. ಹೊರಗೆ ಹನ್ನೆರಡು ಗಾಡಿ ಸಾಲಿನಲ್ಲಿದ್ದವು, ಬಂದರಿನಲ್ಲಿ ಹಡಗು ಕಾಯುತ್ತಿದೆ ಎಂದು ಮ್ಯಾನೇಜರು ನಿಂತಿದ್ದರು. "ಏನೂ ಆಗಿಲ್ಲ, ಹೋಗಲೇ. ನಿನಗ ಓಡ್ಸಾಕ ಬ್ಯಾಸರ" ಎಂದೆ. ಪಕ್ಕದಲ್ಲಿದ್ದವರು ನಕ್ಕರು. ಅವನು ಹೋದ. ಮಧ್ಯಾಹ್ನ ಅವನು ಒತ್ತಿದಾಗ ಬ್ರೇಕು ಒಳಕ್ಕೆ ಹೋಯಿತು.

ಪೊಲೀಸರು ಕೇಳಿದಾಗ, ಅವನು ನನಗೆ ಏನೂ ಹೇಳಲಿಲ್ಲ ಎಂದೆ. ಕೋರ್ಟಿನಲ್ಲೂ ಅದನ್ನೇ ಹೇಳಿದೆ. ಮಾರೆಪ್ಪ ಕಟಕಟೆಯಿಂದ ನನ್ನನ್ನೇ ನೋಡುತ್ತಿದ್ದ. ಒಂದೂವರೆ ವರ್ಷ ಜೈಲಾಯಿತು.

ನಿಮ್ಮಿಬ್ಬರ ಜೊತೆ ಊಟಕ್ಕೆ ಕೂರಲು ಆಗುತ್ತಿರಲಿಲ್ಲ. ಅದಕ್ಕೆ ಹೋದೆ. ಬೇರೆ ಯಾವ ಕಾರಣವೂ ಇರಲಿಲ್ಲ. ಗೇಣಿನಷ್ಟು ಜಾಗ ಎಂದು ನೀನು ಬರೆದದ್ದನ್ನು ಓದಿ ಆಗಲೇ ಈ ಕಾಗದ ಬರೆಯಲು ಕೂತೆ. ಆ ಲಾರಿಯ ಬ್ರೇಕನ್ನು ಯಾವ ಮೇಸ್ತ್ರಿ ನೋಡಿದನೋ, ಅವನು ಚೆನ್ನಾಗಿರಲಿ.

ಕೊಟ್ರಯ್ಯ


ಸಂಡೂರು
14-1-2007

ಅಪ್ಪ,

ತೂತು ಬಿಡಿಸಿದೆ. ಏಳು ವಾರವಾಯಿತು, ಕಾರು ಒಂದು ಸಲವೂ ನಿಂತಿಲ್ಲ. ಬಸವಕುಮಾರ್ ಮುಚ್ಚಳವನ್ನು ತಿರುಗಿಸಿ ತಿರುಗಿಸಿ ನೋಡಿದ.

ಇಷ್ಟು ದಿನ ಯಾಕೆ ಬರೆಯಲಿಲ್ಲ ಎಂದು ಹೇಳಬೇಕು. ಮಾರೆಪ್ಪ ಬಂಡ್ರಿಯವನು. ಜೈಲಿನಿಂದ ಬಂದ ಮೇಲೆ ಲೈಸೆನ್ಸ್ ಇಲ್ಲ, ಲಾರಿ ತೂಗುವ ವೇಬ್ರಿಡ್ಜ್ ಹತ್ತಿರ ಕಸ ಗುಡಿಸುತ್ತಾನೆ. ಅವನ ಹೆಂಡತಿ ಹುಲುಗಮ್ಮ ರಕ್ತದೊತ್ತಡದ ಮಾತ್ರೆಗೆ ತಿಂಗಳಿಗೊಮ್ಮೆ ನನ್ನ ಹತ್ತಿರ ಬರುತ್ತಾಳೆ. ನಾನು ಯಾರ ಮಗಳು ಎಂದು ಅವಳಿಗೆ ಗೊತ್ತಿಲ್ಲ. ಗಂಡ ಕುಡಿದು ಇಬ್ಬರನ್ನು ಕೊಂದ ಎಂದು ಅವಳೂ ನಂಬಿದ್ದಾಳೆ. ಗಂಡನಿಗೆ ಊಟದ ತಟ್ಟೆ ಇಟ್ಟು ಒಳಗೆ ಹೋಗುತ್ತಾಳಂತೆ, ಉಣ್ಣಲು ಕರೆಯುವುದಿಲ್ಲವಂತೆ. ಡಿಸೆಂಬರಿನಲ್ಲಿ ಬಂದಳು, ಮೊನ್ನೆಯೂ ಬಂದಳು. ಎರಡು ಸಲವೂ ಮಾತ್ರೆ ಎಣಿಸಿ ಕೊಟ್ಟು ಕಳಿಸಿದೆ.

ನಾನು ಹೇಳುವುದಿಲ್ಲ ಅಪ್ಪ. ಹೇಳಬೇಕಾದವರು ನೀವು.

ಅಮ್ಮ ಆ ಕಾಗದವನ್ನು ನನ್ನ ಎದುರೇ ಓದಿದಳು. "ಆ ತಿಂಗ್ಳು ಅವರು ಸರಿಯಾಗಿ ಉಣ್ಣಲಿಲ್ಲ. ನಾ ಯಾಕ ಅಂತ ಕೇಳಲಿಲ್ಲ" ಎಂದಳು. ಎಣ್ಣೆ ಹಚ್ಚಿಕೊಳ್ಳುತ್ತಿದ್ದಾಳೆ.

ಗಂಗಾ


ಕಂಪ್ಲಿ
11-2-2007

ಗಂಗಾ,

ಬಂಡ್ರಿಗೆ ಹೋಗಿ ಬಂದೆ. ಶುಕ್ರವಾರ, ನಿನ್ನ ಲಸಿಕೆಯ ಕ್ಯಾಂಪ್ ಬೇರೆ ಊರಿನಲ್ಲಿ ಇರುವ ದಿನ ಎಂದು ಕೇಳಿಕೊಂಡು ಹೋದೆ. ಸಂಡೂರಿನಲ್ಲಿ ಬಸ್ಸು ಅರ್ಧ ಗಂಟೆ ನಿಂತಿತು. ಇಳಿಯಲಿಲ್ಲ.

ಮಾರೆಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದ. ಕೂದಲೆಲ್ಲ ಬೆಳ್ಳಗಾಗಿದೆ, ನನಗಿಂತ ಹತ್ತು ವರ್ಷ ಚಿಕ್ಕವನು. ನನ್ನನ್ನು ನೋಡಿ ಏಳಲಿಲ್ಲ, ಬೈಯಲಿಲ್ಲ. ಜಾಗ ಬಿಟ್ಟು ಸರಿದು ಕೂತ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡಿದ್ದೆ, ಒಂದೂ ನೆನಪಾಗಲಿಲ್ಲ. ಅವನು ಅವತ್ತು ಹೇಳಿದ್ದನ್ನು ನಾನು ಕೇಳಲಿಲ್ಲ, ಕೋರ್ಟಿನಲ್ಲಿ ಸುಳ್ಳು ಹೇಳಿದೆ ಎಂದೆ.

"ನನಗ ಯಾಕ ಹೇಳ್ತೀರಿ ಮೇಸ್ತ್ರಿ, ನನಗ ಗೊತ್ತೈತಿ. ಆಕಿಗೆ ಹೇಳ್ರಿ" ಎಂದು ಒಳಗೆ ಕೂಗಿದ.

ಹುಲುಗಮ್ಮ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಅವಳಿಗೆ ಮೊದಲಿಂದ ಎಲ್ಲ ಹೇಳಿದೆ. ನಾನು ಅವತ್ತು ಏನೆಂದು ಹೇಳಿ ಪಕ್ಕದವರನ್ನು ನಗಿಸಿದ್ದೆ ಎಂಬುದನ್ನೂ ಬಿಡಲಿಲ್ಲ. ಮುಗಿದ ಮೇಲೆ ಕೇಳಿದಳು:

"ಮೂರು ಸಲ ಒತ್ತಾಕ ಎಷ್ಟೊತ್ತು ಹಿಡಿತೈತ್ರಿ?"

ಅರ್ಧ ನಿಮಿಷ ಎಂದೆ.

"ಇನ್ನೊಂದು ಹತ್ತು ಸಲ ಒತ್ತಿದ್ರ ಗೊತ್ತಾಗ್ತಿತ್ತೇನು?"

ಗೊತ್ತಾಗುತ್ತಿತ್ತೋ ಇಲ್ಲವೋ ನನಗೆ ತಿಳಿಯದು. ಚಕ್ರ ಬಿಚ್ಚಿ ನೋಡಿದ್ದರೆ ಖಂಡಿತ ಗೊತ್ತಾಗುತ್ತಿತ್ತು ಎಂದೆ.

ಅವಳು ನನ್ನನ್ನು ನೋಡುವುದನ್ನು ಬಿಟ್ಟು ಗಂಡನ ಕಡೆ ತಿರುಗಿದಳು. ಆಮೇಲೆ "ಏಳು, ಉಣ್ಣು ಬಾ" ಎಂದಳು. ಮಾರೆಪ್ಪ ಕೂಡಲೇ ಏಳಲಿಲ್ಲ. ಎರಡು ಕೈಯಲ್ಲೂ ಕಟ್ಟೆಯ ಅಂಚು ಹಿಡಿದುಕೊಂಡ. ಅವಳು ಇನ್ನೊಂದು ಸಲ ಕರೆದ ಮೇಲೆ ಎದ್ದು ಒಳಗೆ ಹೋದ. ನನ್ನನ್ನು ಯಾರೂ ಕರೆಯಲಿಲ್ಲ, ಕರೆಯಬಾರದಿತ್ತು. ಬಸ್ಸಿಗೆ ಎರಡು ಗಂಟೆ ನಿಂತಿದ್ದೆ.

ಇದೇ 19ರ ಸೋಮವಾರ ಹೊಸಪೇಟೆಯ ವಕೀಲರೊಬ್ಬರ ಮುಂದೆ ಇದನ್ನೆಲ್ಲ ಬರೆದು ಸಹಿ ಮಾಡುತ್ತೇನೆ. ಮಾರೆಪ್ಪನಿಗೆ ಲೈಸೆನ್ಸ್ ಮರಳಿ ಸಿಗುತ್ತದೋ ಇಲ್ಲವೋ ಅವರು ನೋಡಬೇಕು. ಸುಳ್ಳು ಸಾಕ್ಷಿಗೆ ಶಿಕ್ಷೆ ಇದೆ ಎಂದು ಕೇಳಿದ್ದೇನೆ. ಗಿರಣಿಯವರಿಗೆ ಬೇರೆ ಜನ ನೋಡಿಕೊಳ್ಳಲು ಹೇಳಿದ್ದೇನೆ.

ವಕೀಲರ ಕೆಲಸ ಮುಗಿಯುವಾಗ ಸಂಜೆಯಾಗುತ್ತದೆ. ಅಲ್ಲಿಂದ ಕಂಪ್ಲಿಗೂ ಬಸ್ಸಿದೆ, ಸಂಡೂರಿಗೂ ಇದೆ. ಯಾವುದನ್ನು ಹತ್ತಬೇಕು ಎಂದು ನಿನ್ನ ಅಮ್ಮನನ್ನು ಕೇಳು. ಕಂಪ್ಲಿಯದು ಎಂದರೂ ನನಗೆ ಬೇಸರವಿಲ್ಲ. ಉತ್ತರ ಬರೆಯಲು ಸಮಯ ಸಾಲದಿದ್ದರೆ ಕಂಡಕ್ಟರ್ ಕೈಯಲ್ಲಿ ಹೇಳಿ ಕಳಿಸು, ಅವನು ನನ್ನನ್ನು ಗುರುತು ಹಿಡಿಯುತ್ತಾನೆ.

ನಿನ್ನ ಅಪ್ಪ